ಹಾರಂಗಿ ಹಿನ್ನೀರಿನ ಮೀನಿನ ಲೆಕ್ಕ ಫೋನಿನಲ್ಲಿ: ಏನು ಬರೆಯಬೇಕು, ಎಲ್ಲಿ ತಪ್ಪುತ್ತೆ? (ಪ್ರಶ್ನೋತ್ತರ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಹಿನ್ನೀರು

ಕೊಡಗಿನ ಹಾರಂಗಿ ಜಲಾಶಯದ ಹಿನ್ನೀರಿನಲ್ಲಿ ಬಲೆ ಬಿಡುವ ಇಪ್ಪತ್ತು ಹರಿಗೋಲಿನವರ ಗುಂಪೊಂದು ತಮ್ಮ ಮೀನಿನ ಲೆಕ್ಕ ತಾವೇ ಇಡೋಣ ಎಂದು ಹೊರಟಿದೆ. ಅವರಿಗೆ ತಿಳಿಯಬೇಕಾದ್ದು ಎರಡೇ. ವರ್ಷಾವರ್ಷ ಬಿಡುವ ಮರಿಗಳಲ್ಲಿ ಬಲೆಗೆ ಬರುವ ತನಕ ಎಷ್ಟು ಉಳಿಯುತ್ತಿವೆ? ಹೊಳೆಯ ಮೂಲ ಮೀನು ನಿಜವಾಗಿ ಕಡಿಮೆಯಾಗುತ್ತಿದೆಯೇ?

ಎಲ್ಲರ ಬಳಿ ಆಂಡ್ರಾಯ್ಡ್ ಫೋನಿಲ್ಲ. ಹಿನ್ನೀರಿನ ಒಳಕ್ಕೆ ಹೋದರೆ ನೆಟ್‌ವರ್ಕ್ ಸಿಗಲ್ಲ. ಕನ್ನಡ ಮಾತಾಡಿದರೂ ಓದಲು ಬಾರದವರಿದ್ದಾರೆ. ಈಗಿರುವುದು ಒಂದು ವಾಟ್ಸಾಪ್ ಗುಂಪು, ಅದರಲ್ಲಿ ದೊಡ್ಡ ಮೀನು ಸಿಕ್ಕ ದಿನ ಮಾತ್ರ ಫೋಟೊ ಬರುತ್ತದೆ. ಯಾವ ಆಪ್ ಹಾಕಬೇಕು, ಫಾರ್ಮ್‌ನಲ್ಲಿ ಏನೇನು ಕೇಳಬೇಕು, ತಿಳಿದವರು ವಿವರವಾಗಿ ಹೇಳಿ.

ಅಳತೆಪಟ್ಟಿ

ಆಪ್ ವಿಚಾರ ಕೊನೆಗಿರಲಿ. ಮೊದಲು ಏನು ಬರೆಯಬೇಕು ಎಂಬುದು ತೀರ್ಮಾನವಾಗಲಿ, ಕಾಗದದ ಪುಸ್ತಕವಾದರೂ ಫೋನಾದರೂ ಬೇಕಾದ್ದು ಅದೇ.

ಎಷ್ಟು ಕೆಜಿ ಸಿಕ್ಕಿತು ಎನ್ನುವುದೊಂದೇ ಇದ್ದರೆ ಆ ಲೆಕ್ಕದಿಂದ ಉಪಯೋಗವಿಲ್ಲ. ಅದರ ಪಕ್ಕದಲ್ಲಿ ಎಷ್ಟು ಬಲೆ, ಎಷ್ಟು ಹೊತ್ತು ನೀರಲ್ಲಿತ್ತು ಎಂಬುದು ಇರಲೇಬೇಕು. 50 ಮೀಟರಿನ ನಾಲ್ಕು ತುಂಡು ಗಿಲ್‌ನೆಟ್ (ಕಣ್ಣಿಗೆ ಕಿವಿರು ಸಿಕ್ಕಿ ಮೀನು ಬೀಳುವ ಬಲೆ) ಸಂಜೆ ಬಿಟ್ಟು ಬೆಳಿಗ್ಗೆ ಎತ್ತಿದಾಗ 9 ಕೆಜಿ ಬಂತು ಅಂದುಕೊಳ್ಳಿ. 200 ಮೀಟರಿಗೆ 9 ಅಂದರೆ 100 ಮೀಟರ್ ಬಲೆಗೆ ಒಂದು ರಾತ್ರಿಗೆ 4.5 ಕೆಜಿ. ಮುಂದಿನ ವರ್ಷ ಅದೇ ಮನುಷ್ಯ 400 ಮೀಟರ್ ಬಿಟ್ಟು 12 ಕೆಜಿ ತಂದರೆ ನೋಡುವವರಿಗೆ ಮೀನು ಹೆಚ್ಚಾದ ಹಾಗೆ ಕಾಣುತ್ತೆ, ಆದರೆ 100 ಮೀಟರಿಗೆ ಬಿದ್ದದ್ದು 3 ಕೆಜಿ.

ಎರಡನೆಯದು, ಖಾಲಿ ಬಂದ ದಿನ. ಬಲೆ ಬಿಟ್ಟು ಏನೂ ಸಿಗದ ದಿನವನ್ನು ಯಾರೂ ಬರೆಯಲ್ಲ. ಬರೆಯದಿದ್ದರೆ ಮೀನು ಕಡಿಮೆಯಾದಷ್ಟೂ ಪುಸ್ತಕದಲ್ಲಿ ಒಳ್ಳೆಯ ದಿನಗಳೇ ಉಳಿದು ಸರಾಸರಿ ಇದ್ದಲ್ಲೇ ಇರುತ್ತದೆ.

ಮೂರನೆಯದು, ಜಾತಿ ಬೇರೆ ಬೇರೆ ಬರೆಯುವುದು. ಕಾವೇರಿಯ ಗಾಳಿಬೋರೆ ಕ್ಯಾಂಪಿನಲ್ಲಿ ಗಾಳ ಹಾಕುವವರು 1998ರಿಂದ 2012ರ ತನಕ ಇಟ್ಟ ಪುಸ್ತಕ ಇದಕ್ಕೆ ಕಣ್ಣಮುಂದಿನ ಉದಾಹರಣೆ. ಒಟ್ಟು ಮಶೀರ್ (ಹೊಳೆಯ ದೊಡ್ಡ ಗೆಂಡೆ ಜಾತಿಯ ಮೀನು) ಎಂದು ಕೂಡಿಸಿದರೆ ಗಂಟೆಗೆ ಸಿಗುವ ಮೀನಿನ ಸಂಖ್ಯೆ ಏರಿತ್ತು. ಬಿಡಿಸಿ ನೋಡಿದಾಗ ಏರಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯದ್ದು. ಕಾವೇರಿಯದೇ ಆದ ಗೂನುಬೆನ್ನಿನ ಮಶೀರ್ ಕುಸಿದುಹೋಗಿತ್ತು. ಒಟ್ಟಾರೆ ಸಿಗುವ ಮೀನಿನ ಸರಾಸರಿ ತೂಕವೂ ಇಳಿದಿತ್ತು. ಆ ಗೂನುಬೆನ್ನಿನ ಮೀನೇ ಟಾರ್ ರೆಮಾದೇವಿ ಎಂದು 2018ರಲ್ಲಿ ಗುರುತಾಯಿತು, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಇದು ಯಾವ ದುಬಾರಿ ಯಂತ್ರದಿಂದಲೂ ತಿಳಿದದ್ದಲ್ಲ. ಗಂಟೆ, ಜಾತಿ, ತೂಕ, ಇಷ್ಟನ್ನು ದಿನವೂ ಬರೆದಿಟ್ಟದ್ದರಿಂದ ತಿಳಿದದ್ದು.

ಕೂಡಿಗೆದಂಡೆ

ಅಳತೆಪಟ್ಟಿಯವರು ಹೇಳಿದ್ದು ಸರಿ. ಆದರೆ ಇಪ್ಪತ್ತು ಹರಿಗೋಲಿಗೂ ಫೋನ್ ಕೊಟ್ಟು ದಿನವೂ ತುಂಬಿ ಎಂದರೆ ಎರಡನೇ ತಿಂಗಳಿಗೆ ನಿಲ್ಲುತ್ತೆ. ಒದ್ದೆ ಕೈ, ಸಿಂಬಳದಂಥ ಮೀನಿನ ಲೋಳೆ, ಮಳೆ ಹನಿ, ಇವುಗಳ ನಡುವೆ ಟಚ್ ಸ್ಕ್ರೀನ್ ಮಾತು ಕೇಳಲ್ಲ. ನೀರಿನ ಮೇಲೆ ಫೋನ್ ಬೇಡವೇ ಬೇಡ. ದಂಡೆಯಲ್ಲಿ ಒಬ್ಬರು ಬರೆಯುವವರು ಇರಲಿ. ತೂಕದ ತಕ್ಕಡಿ ಇರುವ ಕಡೆಗೇ ಎಲ್ಲ ಮೀನು ಬರುತ್ತೆ, ಹಾಗಾಗಿ ಅಲ್ಲೇ ಕೂರಬೇಕು. ಮೀನುಗಾರರ ಮನೆಯ ಹೆಣ್ಣುಮಕ್ಕಳು ಈ ಕೆಲಸಕ್ಕೆ ಮುಂದೆ ಬಂದರೆ ಬಹಳ ಒಳ್ಳೆಯದು, ತೂಕ ಮತ್ತು ಹಣದ ಲೆಕ್ಕ ಹೆಚ್ಚಿನ ಕಡೆ ಅವರ ಕೈಯಲ್ಲೇ ಇರುತ್ತದೆ. ದಿನಕ್ಕಿಷ್ಟು ಎಂದು ಕೂಲಿ ನಿಗದಿ ಮಾಡಿ, ಬಿಟ್ಟಿ ಕೆಲಸ ಮಾಡಿಸಬೇಡಿ.

ಎಲ್ಲ ಹರಿಗೋಲನ್ನೂ ಅಳೆಯಬೇಕಾಗಿಲ್ಲ. ವಾರಕ್ಕೆ ಎರಡು ದಿನ, ದಿನಕ್ಕೆ ಆರು ಹರಿಗೋಲು ಸಾಕು. ಆದರೆ ಅವತ್ತು ಒಟ್ಟು ಎಷ್ಟು ಹರಿಗೋಲು ನೀರಿಗಿಳಿದಿತ್ತು ಎಂಬುದನ್ನು ಮಾತ್ರ ಎಣಿಸಿ ಬರೆಯಬೇಕು. ಆರು ಹರಿಗೋಲಿನ ಸರಾಸರಿ 4.2 ಕೆಜಿ, ಇಳಿದದ್ದು 15 ಎಂದಾದರೆ ಆ ದಿನದ ಒಟ್ಟು 63 ಕೆಜಿ. ತಿಂಗಳ ಉಳಿದ ದಿನಗಳೂ ಹೆಚ್ಚುಕಡಿಮೆ ಹೀಗೇ ಇದ್ದು 24 ದಿನ ಬಲೆ ಬಿಟ್ಟಿದ್ದರೆ ತಿಂಗಳಿಗೆ 1,512 ಕೆಜಿ.

ಎಡವುವುದು ಆರು ಹರಿಗೋಲು ಆರಿಸುವಲ್ಲಿ. ಮೊದಲು ಬಂದ ಆರನ್ನು ಅಳೆದರೆ ಹತ್ತಿರದಲ್ಲೇ ಬಲೆ ಬಿಡುವವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ. ಒಂದರಿಂದ ಇಪ್ಪತ್ತರ ತನಕ ನಂಬರ್ ಬರೆದ ಚೀಟಿ ಡಬ್ಬಿಯಲ್ಲಿಟ್ಟು ಬೆಳಿಗ್ಗೆಯೇ ಎತ್ತಿ. ದಿನವನ್ನೂ ಬದಲಿಸುತ್ತಿರಿ. ಸಂತೆಯ ಹಿಂದಿನ ದಿನ ಎಲ್ಲರೂ ಹೆಚ್ಚು ಬಲೆ ಬಿಡುತ್ತಾರೆ, ಅದೊಂದೇ ದಿನ ಅಳೆದರೆ ತಿಂಗಳ ಲೆಕ್ಕ ಉಬ್ಬುತ್ತೆ.

ನಕ್ಷೆಗಾರ

ಆಪ್ ಬಗ್ಗೆ ನಾನು ಹೇಳುತ್ತೇನೆ. ಕೋಬೊ ಕಲೆಕ್ಟ್ ಸಾಕು. ನೆಟ್ ಇಲ್ಲದೆಯೂ ತುಂಬಬಹುದು, ಕುಶಾಲನಗರಕ್ಕೆ ಬಂದಾಗ ಕಳುಹಿಸಬಹುದು. ಫಾರ್ಮ್ ಮಾಡುವುದು ಎಕ್ಸೆಲ್ ಹಾಳೆಯಲ್ಲಿ. ಪ್ರಶ್ನೆಯ ಲೇಬಲ್ ಕನ್ನಡದಲ್ಲೇ ಬರೆಯಿರಿ. ಆದರೆ ಒಳಗಿನ ಹೆಸರು ಮತ್ತು ಆಯ್ಕೆಯ ಕೋಡ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಯಲ್ಲಿ, ಖಾಲಿ ಜಾಗವಿಲ್ಲದೆ ಇಡಿ. ಇಲ್ಲವಾದರೆ ಫಾರ್ಮ್ ಮೇಲೇರುವಾಗಲೇ ತಕರಾರು ಬರುತ್ತೆ, ಅಥವಾ ಆಮೇಲೆ ಲೆಕ್ಕ ಹಾಕುವಾಗ ತೊಡಕಾಗುತ್ತೆ. ಓದಲು ಬಾರದವರಿಗೆ ಪ್ರತಿ ಆಯ್ಕೆಗೂ ಚಿತ್ರ ಮತ್ತು ಧ್ವನಿ ಸೇರಿಸಬಹುದು, ಅದಕ್ಕೆ ಹಾಳೆಯಲ್ಲೇ ಬೇರೆ ಕಾಲಮ್ ಇದೆ. ಧ್ವನಿಯನ್ನು ಆ ಊರಿನವರದ್ದೇ ಬಾಯಲ್ಲಿ ರೆಕಾರ್ಡ್ ಮಾಡಿ.

ಫೋಟೊ ಪ್ರಶ್ನೆಗೆ ಪ್ಯಾರಾಮೀಟರ್ಸ್ ಕಾಲಮ್ಮಿನಲ್ಲಿ ಮ್ಯಾಕ್ಸ್-ಪಿಕ್ಸೆಲ್ಸ್ 1024 ಎಂದು ಹಾಕಿ. ಹಾಕದಿದ್ದರೆ ಒಂದೊಂದು ಫೋಟೊ 4-5 ಎಂಬಿ ಆಗಿ ಉಚಿತ ಖಾತೆಯ ಜಾಗ ಬೇಗ ತುಂಬುತ್ತೆ, ಹಳ್ಳಿಯ ಸಿಗ್ನಲ್ಲಿನಲ್ಲಿ ಮೇಲೇರುವುದೂ ಇಲ್ಲ.

ಜಾಗ ಗುರುತಿಸಲು ಜಿಪಿಎಸ್ ನೆಚ್ಚಿಕೊಳ್ಳಬೇಡಿ. ಬಯಲಲ್ಲಿ 5-10 ಮೀಟರ್ ನಿಖರತೆ ಸಿಗುತ್ತೆ, ಕಾಡಿನ ಮರಗಳ ಕೆಳಗೆ, ಕಣಿವೆಯಲ್ಲಿ 20-30 ಮೀಟರಿಗೂ ಇಳಿಯಲ್ಲ, ಬರೆಯುವವರು ಕಾದು ಕಾದು ಬೇಸತ್ತು ಬಿಟ್ಟುಬಿಡುತ್ತಾರೆ. ಬಲೆ ಬಿಟ್ಟದ್ದು ಎಲ್ಲೋ, ತೂಕ ಮಾಡುವುದು ದಂಡೆಯಲ್ಲಿ, ಹಾಗಾಗಿ ಅಲ್ಲಿ ಒತ್ತಿದ ಜಿಪಿಎಸ್‌ಗೆ ಅರ್ಥವೂ ಇಲ್ಲ. ಬದಲಿಗೆ ಹಿನ್ನೀರನ್ನು ಮೀನುಗಾರರೇ ಕೂತು ಎಂಟೋ ಹತ್ತೋ ಭಾಗ ಮಾಡಿ, ತಾವು ಕರೆಯುವ ಹೆಸರನ್ನೇ ಇಟ್ಟು, ಆ ಭಾಗದ ಚಿತ್ರವನ್ನು ಆಯ್ಕೆಯಾಗಿ ಕೊಡಿ. ಮೊದಲು ದೊಡ್ಡ ಹಾಳೆಯಲ್ಲಿ ಕೈಯಲ್ಲೇ ಬರೆಸಿ, ಆಮೇಲೆ ಉಪಗ್ರಹ ಚಿತ್ರದ ಮೇಲೆ ಕೂರಿಸಿದರಾಯಿತು.

ಇನ್ನು ತಪ್ಪುವ ಜಾಗಗಳು. ಫೋನಿನ ದಿನಾಂಕ ತಪ್ಪಿದ್ದರೆ ಫಾರ್ಮ್‌ನ ದಿನಾಂಕವೂ ತಪ್ಪು. ಫಾರ್ಮ್ ಬದಲಿಸಿದಾಗ ಎಲ್ಲ ಫೋನಿನಲ್ಲೂ ಹೊಸದನ್ನು ಇಳಿಸಿಕೊಳ್ಳದಿದ್ದರೆ ಹಳೆಯ ಪ್ರಶ್ನೆಗೆ ಹಳೆಯ ಉತ್ತರವೇ ಬರುತ್ತಿರುತ್ತೆ. ತುಂಬಿ ಉಳಿಸಿದ ಮಾತ್ರಕ್ಕೆ ಹೋಯಿತು ಎಂದಲ್ಲ, ಕಳುಹಿಸುವ ಬಟನ್ ಬೇರೆ ಒತ್ತಬೇಕು. ಕಳುಹಿಸದ ಫಾರ್ಮ್‌ಗಳು ಒಳಗಿರುವಾಗ ಆಪ್ ಅಳಿಸಿ ಮತ್ತೆ ಹಾಕಿದರೆ ಅಷ್ಟೂ ಹೋಯಿತು, ವಾಪಸ್ ಬರಲ್ಲ.

ಹಿನ್ನೀರು

ತುಂಬಾ ಉಪಕಾರ. ಮೀನಿನ ಹೆಸರಿನಲ್ಲೇ ಜಗಳ ಶುರುವಾಗಿದೆ. ಗೆಂಡೆ ಎಂದರೆ ಒಬ್ಬರಿಗೆ ಸಾಮಾನ್ಯ ಗೆಂಡೆ, ಇನ್ನೊಬ್ಬರಿಗೆ ಹೊಳೆಯ ಗೆಂಡೆ. ಫೋಟೊ ಹಾಕಿದರೆ ಹೆಸರು ಹೇಳುವ ಆಪ್‌ಗಳಿವೆಯಂತಲ್ಲ, ಅವು ಆಗುತ್ತಾ?

ಕೂಡಿಗೆದಂಡೆ

ಕಾಟ್ಲಾ, ರೋಹು, ಜಿಲೇಬಿ (ತಿಲಾಪಿಯಾ) ಮೀನಿಗೆ ಸುಮಾರಾಗಿ ಆಗುತ್ತೆ. ನಮ್ಮ ಹೊಳೆಯ ಸಣ್ಣ ಮೀನುಗಳ ಫೋಟೊ ಆ ಆಪ್‌ಗಳು ಕಲಿತದ್ದರಲ್ಲಿ ಕಡಿಮೆ, ಹಾಗಾಗಿ ಹತ್ತಿರದ ಬೇರೆ ಯಾವುದೋ ಹೆಸರನ್ನು ಧೈರ್ಯವಾಗಿ ಹೇಳಿಬಿಡುತ್ತವೆ. ಅದಕ್ಕಿಂತ ಹದಿನೈದು ಮೀನಿನ ಚಿತ್ರದ ಹಾಳೆ ಮಾಡಿ, ಲ್ಯಾಮಿನೇಶನ್ ಹಾಕಿಸಿ, ಪ್ರತಿಯೊಂದಕ್ಕೂ ನಂಬರ್ ಕೊಡಿ. ಹೆಸರು ಯಾರು ಏನಾದರೂ ಕರೆಯಲಿ, ಫಾರ್ಮ್‌ನಲ್ಲಿ ನಂಬರ್ ಒತ್ತಲಿ. ಕೊನೆಯಲ್ಲಿ "ಗೊತ್ತಿಲ್ಲ, ಫೋಟೊ ತೆಗೆದಿದೆ" ಎಂಬ ಆಯ್ಕೆ ಇಡಲೇಬೇಕು. ಇಡದಿದ್ದರೆ ಗೊತ್ತಿಲ್ಲದ್ದೆಲ್ಲ ಗೆಂಡೆಯಾಗುತ್ತೆ.

ಫೋಟೊ ತೆಗೆಯುವ ಕ್ರಮ: ತಲೆ ಎಡಕ್ಕಿರಲಿ, ಬೆನ್ನಿನ ರೆಕ್ಕೆ ಬಿಡಿಸಿ ಹಿಡಿದಿರಲಿ, ಪಕ್ಕದಲ್ಲಿ ಅಳತೆಪಟ್ಟಿ ಕಾಣಲಿ, ನೇರ ಮೇಲಿನಿಂದ ತೆಗೆಯಿರಿ. ಮಶೀರ್ ಆದರೆ ಬಾಯಿ, ಮೀಸೆಯದ್ದೊಂದು ಬೇರೆ. ಬೆನ್ನಿನ ಗೂನು ಎಲ್ಲಿಂದ ಏಳುತ್ತೆ, ರೆಕ್ಕೆಯ ಬಣ್ಣ ಕಿತ್ತಳೆಯೋ ನೀಲಿ-ಬೂದೋ, ಅದು ಕಾಣಬೇಕು. ಮುರುಗೋಡು ಜಾತಿಯದ್ದಾದರೆ ತಲೆಯ ಮೇಲ್ಭಾಗದ್ದು ಬೇಕು, ನಾಡಿನದ್ದಕ್ಕೂ ಆಫ್ರಿಕನ್ ಕ್ಯಾಟ್‌ಫಿಶ್‌ಗೂ ತಲೆಚಿಪ್ಪಿನ ಹಿಂಬದಿಯ ಆಕಾರದಲ್ಲೇ ವ್ಯತ್ಯಾಸ ಗೊತ್ತಾಗುವುದು.

ವಾಟ್ಸಾಪ್‌ನಲ್ಲಿ ಫೋಟೊವಾಗಿ ಕಳುಹಿಸಿದರೆ ಅದು ಕುಗ್ಗುತ್ತೆ, ತೆಗೆದ ದಿನಾಂಕ ಮತ್ತು ಜಾಗದ ಮಾಹಿತಿಯೂ ಕಳಚಿಹೋಗುತ್ತೆ. ಅನಿವಾರ್ಯವಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ.

ಅಳತೆಪಟ್ಟಿ

ಉದ್ದ ಅಳೆಯುವ ಹಲಗೆಯನ್ನು ಕೊಳ್ಳುವುದು ಬೇಡ. 6 ಇಂಚಿನ ಪಿವಿಸಿ ಪೈಪನ್ನು 1 ಮೀಟರ್ ಉದ್ದಕ್ಕೆ ಕತ್ತರಿಸಿ, ಉದ್ದುದ್ದ ಸೀಳಿ ಎರಡು ದೋಣಿ ಮಾಡಿ. ಒಂದರ ತುದಿಗೆ ಮರದ ಹಲಗೆಯ ತಡೆ ಸ್ಕ್ರೂ ಹಾಕಿ ಬಿಗಿಯಿರಿ. ಸೊನ್ನೆ ಸರಿಯಾಗಿ ಆ ತಡೆಯ ಒಳಮೈಗೆ ತಾಗುವಂತೆ ದರ್ಜಿಯ ಟೇಪಲ್ಲ, ಉಕ್ಕಿನ ಅಥವಾ ಫೈಬರ್ ಟೇಪು ಅಂಟಿಸಿ, ಮೇಲೆ ಪಾರದರ್ಶಕ ಟೇಪಿನ ಎರಡು ಪದರ ಎಳೆಯಿರಿ. ದರ್ಜಿಯ ಟೇಪು ಒದ್ದೆಯಾಗಿ ಹಿಗ್ಗುತ್ತೆ. ಮೀನಿನ ಮೂತಿ ತಡೆಗೆ ತಾಗಿಸಿ, ಬಾಯಿ ಮುಚ್ಚಿ, ಬಾಲದ ಕವಲಿನ ಒಳತುದಿಗೆ ಓದಿ. ಬಾಲದ ತುದಿಯ ತನಕ ಅಳೆಯುವ ಪದ್ಧತಿಯೂ ಇದೆ, ಆದರೆ ಬಲೆಯಲ್ಲಿ ಬಾಲ ಹರಿದಿರುವುದು ಹೆಚ್ಚು. ಯಾವುದಾದರೂ ಒಂದು ಹಿಡಿಯಿರಿ, ನಡುವೆ ಬದಲಿಸಬೇಡಿ, ಹಲಗೆಯ ಮೇಲೇ ಆ ಚಿತ್ರ ಬರೆದಿಡಿ. ಮರಳಿ ಬಿಡುವ ಮೀನಾದರೆ ಹಲಗೆಗೆ ಮೊದಲು ನೀರು ಸುರಿದು, ಒದ್ದೆ ಕೈಯಲ್ಲೇ ಹಿಡಿಯಿರಿ.

ತಪ್ಪು ಹಿಡಿಯಲು ಫಾರ್ಮ್‌ನಲ್ಲೇ ಒಂದು ಸರಳ ಲೆಕ್ಕ ಇಡಬಹುದು. ಗ್ರಾಮಿನ ತೂಕವನ್ನು 100ರಿಂದ ಗುಣಿಸಿ, ಸೆಂಟಿಮೀಟರ್ ಉದ್ದದ ಘನದಿಂದ ಭಾಗಿಸಿ. 40 ಸೆಂ.ಮೀ. ಮೀನು 1,000 ಗ್ರಾಂ ಇದ್ದರೆ 1,00,000 ಭಾಗಿಸು 64,000, ಅಂದರೆ 1.56. ಗೆಂಡೆ ಜಾತಿಗಳಲ್ಲಿ ಇದು ಸಾಮಾನ್ಯವಾಗಿ 1ರಿಂದ 2ರ ಆಸುಪಾಸು. 0.5ಕ್ಕಿಂತ ಕಡಿಮೆ ಅಥವಾ 3ಕ್ಕಿಂತ ಹೆಚ್ಚು ಬಂದರೆ ಫಾರ್ಮ್ "ಮತ್ತೊಮ್ಮೆ ನೋಡಿ" ಎನ್ನಲಿ. ಇಂಚು-ಸೆಂ.ಮೀ. ಅದಲುಬದಲು, ಒಂದು ಸೊನ್ನೆ ಬಿಟ್ಟದ್ದು, ಎಲ್ಲ ಇದರಲ್ಲಿ ಸಿಕ್ಕಿಬೀಳುತ್ತೆ. ಹಾವುಮೀನಿಗೆ ಮಾತ್ರ ಈ ನಿಯಮ ಹಾಕಬೇಡಿ, ಅದರ ಮೈ ಉದ್ದ, ತೂಕ ಕಡಿಮೆ.

ನಕ್ಷೆಗಾರ

ಇದರ ಜೊತೆಗೆ ಹಿನ್ನೀರಿನ ಮಟ್ಟವನ್ನು ಮರೆಯಬಾರದು. ಹಾರಂಗಿಯ ಪೂರ್ಣ ಮಟ್ಟ 2,859 ಅಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಅದೇ ಮೀನು ಸಣ್ಣ ಜಾಗಕ್ಕೆ ಒತ್ತಿಕೊಂಡು ಬರುತ್ತೆ, 100 ಮೀಟರ್ ಬಲೆಗೆ ಹೆಚ್ಚು ಬೀಳುತ್ತೆ. ಏಪ್ರಿಲ್-ಮೇ ತಿಂಗಳ ಲೆಕ್ಕ ನೋಡಿ ಮೀನು ಹೆಚ್ಚಾಗಿದೆ ಎಂದರೆ ಮೋಸ ಹೋದಂತೆ. ಸೆಪ್ಟೆಂಬರನ್ನು ಸೆಪ್ಟೆಂಬರಿಗೇ, ಮಾರ್ಚನ್ನು ಮಾರ್ಚಿಗೇ ಹೋಲಿಸಿ, ಅದೂ ನೀರಿನ ಮಟ್ಟ ಹತ್ತಿರ ಹತ್ತಿರ ಇರುವ ವರ್ಷಗಳನ್ನು. ಜಲಾಶಯದ ದಿನದ ಮಟ್ಟವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನವೂ ಪ್ರಕಟಿಸುತ್ತದೆ. ಅದನ್ನು ಹಾಳೆಯಲ್ಲಿ ಒಂದು ಕಾಲಮ್ಮಾಗಿ ಸೇರಿಸಿ.

ಬರಪೊಳೆ

ಒಂದು ಭಿನ್ನಾಭಿಪ್ರಾಯ. ಉದ್ದ ಅಳೆಯುವುದು ಏಕೆ ಎಂದರೆ "ಒಮ್ಮೆಯಾದರೂ ಮೊಟ್ಟೆ ಇಟ್ಟ ಮೀನೇ ಬಲೆಗೆ ಬರಲಿ" ಎಂಬ ಲೆಕ್ಕಕ್ಕೆ ಎಂದು ಎಲ್ಲ ಕಡೆ ಹೇಳುತ್ತಾರೆ. ಮೀನುಶಾಸ್ತ್ರದಲ್ಲಿ ಇದು ಮೂರು ಸರಳ ಸೂಚಕಗಳಾಗಿ ಬಳಕೆಯಲ್ಲಿದೆ: ಹಿಡಿದದ್ದರಲ್ಲಿ ಪ್ರಾಯಕ್ಕೆ ಬಂದದ್ದೆಷ್ಟು, ಸರಿಯಾದ ಬೆಳವಣಿಗೆಯ ಅಳತೆಯದ್ದೆಷ್ಟು, ದೊಡ್ಡ ತಾಯಿಮೀನು ಎಷ್ಟು. ಮೊದಲನೆಯದು ನೂರಕ್ಕೆ ನೂರರ ಹತ್ತಿರ ಇರಬೇಕು, ಕೊನೆಯದನ್ನು ಆದಷ್ಟು ಬಿಡಬೇಕು. ಚೆನ್ನಾಗಿದೆ. ಆದರೆ ಬಿಟ್ಟ ಕಾಟ್ಲಾ, ರೋಹು, ಮೃಗಾಲ್‌ಗೆ ಇದನ್ನು ಹಚ್ಚಿದರೆ ಅರ್ಥವಿಲ್ಲ. ಅವು ನಿಂತ ನೀರಲ್ಲಿ ಮರಿ ಮಾಡಲ್ಲ, ಮುಂಗಾರಿನ ಹರಿಯುವ ಕೆಂಪು ನೀರು ಬೇಕು. ಅಲ್ಲಿ ಕೇಳಬೇಕಾದ್ದು ಬೇರೆ: ಅರ್ಧ ಕೆಜಿಗೆ ಹಿಡಿದರೆ ಲಾಭವೋ, ಇನ್ನೊಂದು ವರ್ಷ ಬಿಟ್ಟು ಒಂದೂವರೆ ಕೆಜಿಗೆ ಹಿಡಿದರೆ ಲಾಭವೋ.

ಅಳತೆಪಟ್ಟಿ

ಒಪ್ಪಿದೆ, ಇದನ್ನು ಮೊದಲೇ ಹೇಳಬೇಕಿತ್ತು. ಹಾಳೆಯನ್ನು ಎರಡು ಮಾಡಿ. ಬಿಟ್ಟ ಮೀನಿಗೆ ಒಂದು, ಅದರಲ್ಲಿ ಎಷ್ಟು ಮರಿ ಬಿಟ್ಟದ್ದು, ಎಷ್ಟು ಹಿಡಿದದ್ದು, ಯಾವ ತೂಕಕ್ಕೆ ಎಂಬುದು. ಹೊಳೆಯ ಮೀನಿಗೆ ಇನ್ನೊಂದು, ಮೂರು ಸೂಚಕ ಅಲ್ಲಿಗೆ. ಮೊದಲ ಪ್ರಾಯದ ಉದ್ದ ಫಿಶ್‌ಬೇಸ್ ತಾಣದಲ್ಲಿ ಸಿಗುತ್ತೆ, ಆದರೆ ಅದು ಬೇರೆ ನದಿಯದ್ದಿರಬಹುದು. ಜೂನ್ ಹೊತ್ತಿಗೆ ಮಾರಾಟಕ್ಕೆ ಕೊಯ್ಯುವ ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಎಂದು ಉದ್ದದ ಪಕ್ಕ ಒಂದು ಟಿಕ್ ಹಾಕಿಸಿ. ಎರಡು ಮೂರು ಮಳೆಗಾಲದಲ್ಲಿ ನಿಮ್ಮದೇ ನೀರಿನ ಅಂಕಿ ಕೈಗೆ ಬರುತ್ತೆ.

ಬರಪೊಳೆ

ಮರಿ ಬಿಡುವ ದಿನದ ಎಣಿಕೆಯೂ ಜನರ ಕಣ್ಣೆದುರೇ ಆಗಲಿ. ಚೀಲ ಎಣಿಸಿ "ಚೀಲಕ್ಕೆ ಇಷ್ಟು" ಎಂದು ಬರೆಯುವುದು ಎಣಿಕೆಯಲ್ಲ. ಬಕೆಟ್ಟಿನಲ್ಲಿ ನೀರಿಟ್ಟು ತಕ್ಕಡಿಯನ್ನು ಸೊನ್ನೆ ಮಾಡಿ, ನೀರು ಬಸಿದ ಮರಿ 100 ಗ್ರಾಂ ಬರುವಷ್ಟು ಹಾಕಿ, ಎಣಿಸಿ. ಮೂರು ಬೇರೆ ಬೇರೆ ಚೀಲದಿಂದ ಹೀಗೆ ಮಾಡಿ. 24, 26, 25 ಬಂದರೆ ಸರಾಸರಿ 25, ಒಂದು ಮರಿ 4 ಗ್ರಾಂ. ಒಟ್ಟು 40 ಕೆಜಿ ಮರಿ ಇದ್ದರೆ 10,000.

ಇದೇ ಎಣಿಕೆ ಇನ್ನೊಂದು ಗುಟ್ಟನ್ನೂ ಹೇಳುತ್ತೆ. 4 ಗ್ರಾಮಿನ ಮರಿ ಸುಮಾರು 7 ಸೆಂ.ಮೀ. ಇರುತ್ತೆ. ಜಲಾಶಯಕ್ಕೆ 8ರಿಂದ 10 ಸೆಂ.ಮೀ. ಮರಿ ಬಿಡಬೇಕು, ಸಣ್ಣದಾದರೆ ಬಾಳೆಮೀನು, ಕೊರವ, ನೀರುಕಾಗೆಗಳ ಪಾಲು. 8 ಸೆಂ.ಮೀ. ಮರಿಯಾದರೆ 100 ಗ್ರಾಮಿಗೆ 16ರ ಆಸುಪಾಸು, 10 ಸೆಂ.ಮೀ. ಆದರೆ 8ರ ಆಸುಪಾಸು ಬರಬೇಕು. 25 ಬಂದರೆ ಮರಿ ಸಣ್ಣದು ಎಂದೇ ಅರ್ಥ. ಬಿಳಿ ಟ್ರೇಯಲ್ಲಿ ಒಂದು ಹಿಡಿ ಮರಿ ಹಾಕಿ ಅಳತೆಪಟ್ಟಿಯೊಂದಿಗೆ ಫೋಟೊ ತೆಗೆದು ಫಾರ್ಮ್‌ಗೆ ಸೇರಿಸಿ. ಬಿಡುವ ಮುನ್ನ ಚೀಲವನ್ನು 15-20 ನಿಮಿಷ ನೀರ ಮೇಲೆ ತೇಲಿಸಿಡಬೇಕು. ಬಿಸಿಲಲ್ಲಿ ಬಂದ ಚೀಲ ತಕ್ಷಣ ಬಿಚ್ಚಿದರೆ ಮರಿ ತಳಕ್ಕಿಳಿದು ಸಾಯುತ್ತೆ, ಮೇಲಿನಿಂದ ಕಾಣುವುದೂ ಇಲ್ಲ. ಸತ್ತದ್ದನ್ನು ಕಳೆದೇ ಲೆಕ್ಕ ಬರೆಯಿರಿ.

ತೋಟದಕೆರೆ

ಹಿನ್ನೀರಿನ ಮಾತಷ್ಟೇ ಆಡಿದರೆ ಕೊಡಗಿನ ಅರ್ಧ ಕಥೆ ಬಿಟ್ಟಂತೆ. ಇಲ್ಲಿ ಕಾಫಿ ತೋಟಕ್ಕೊಂದು ಕೆರೆ, ಕೆರೆಯ ಕೋಡಿ ನೀರು ತೋಡಿಗೆ, ತೋಡು ಹೊಳೆಗೆ. ಕೆರೆಯಲ್ಲಿ ಬಿಟ್ಟ ಜಿಲೇಬಿ, ಆಫ್ರಿಕನ್ ಕ್ಯಾಟ್‌ಫಿಶ್ ಜುಲೈ ಮಳೆಗೆ ಕೋಡಿ ಹಾರಿ ಕಾವೇರಿ ಸೇರುತ್ತವೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದೆ, ಆದರೂ ಬೇರೆ ಹೆಸರಲ್ಲಿ ಮರಿ ಬರುತ್ತೆ. ಊರಿನ ನಕ್ಷೆಯಲ್ಲಿ ಕೆರೆಗಳನ್ನು ಗುರುತಿಸಿ, ಯಾವ ಮೀನಿದೆ, ಕೋಡಿಗೆ ಜಾಲರಿ ಇದೆಯೇ, ನೀರು ಯಾವ ತೋಡಿಗೆ ಎಂಬ ಮೂರು ಪ್ರಶ್ನೆ ಸಾಕು. ಜಾಲರಿಯನ್ನು ನೆಟ್ಟಗೆ ನಿಲ್ಲಿಸಿದರೆ ಒಂದೇ ಮಳೆಗೆ ಸಿಲ್ವರ್ ಓಕ್ ಎಲೆ ಕಟ್ಟಿ ಏರಿಯೇ ಒಡೆಯಬಹುದು. ನೀರು ಬರುವ ಕಡೆಗೆ ಅಗಲವಾಗಿ, ಓರೆಯಾಗಿ, ಎರಡು ಪದರ: ಮುಂದೆ ದಪ್ಪ ಕಣ್ಣಿನದ್ದು ಎಲೆ ತಡೆಯಲು, ಹಿಂದೆ ಸಣ್ಣ ಕಣ್ಣಿನದ್ದು ಮೀನು ತಡೆಯಲು.

ಇನ್ನೊಂದು, ಮೀನು ಸಾಯುವ ಸುದ್ದಿ. ನವೆಂಬರಿನಿಂದ ಫೆಬ್ರವರಿ-ಮಾರ್ಚ್ ತನಕ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ನೀರಿನ ಕಾಲ. ತೋಡು ಬಡವಾಗಿರುವ ಹೊತ್ತಿಗೇ ಹುಳಿಯಾದ, ಸಕ್ಕರೆ ತುಂಬಿದ ನೀರು ಬಂದು ಬೀಳುತ್ತೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ಹೊಳೆಗೆ ಬಿಡುವ ನೀರಿನ ಬಿಒಡಿ (ಕೊಳೆಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿ.ಗ್ರಾಂ ಮೀರಬಾರದು ಎಂಬುದು ಸಾಮಾನ್ಯ ಮಿತಿ, ಪಲ್ಪರ್ ನೀರಿನದ್ದು ಸಾವಿರಗಟ್ಟಲೆ. ಮಳೆಗಾಲದ ಸುತ್ತ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಸಮಯ. 100 ಲೀಟರಿಗೆ 1 ಕೆಜಿ ಮೈಲುತುತ್ತ ಇರುವ ಡ್ರಮ್ಮನ್ನು ತೋಡಿನಲ್ಲಿ ತೊಳೆದರೆ ಮೀನಿಗೆ ತಾಮ್ರದ ವಿಷ, ನಮ್ಮ ಮೆದು ನೀರಿನಲ್ಲಿ ಅದರ ಏಟು ಇನ್ನೂ ಜೋರು.

ಸತ್ತ ಮೀನಿನ ಫೋಟೊ ಮಾತ್ರ ಬಂದರೆ ಕಾರಣ ತಿಳಿಯಲ್ಲ. ಫಾರ್ಮ್‌ನಲ್ಲಿ ಇವನ್ನು ಕೇಳಿ: ಎಷ್ಟು ಹೊತ್ತಿಗೆ ಕಂಡದ್ದು, ದೊಡ್ಡ ಮೀನು ಮಾತ್ರವೋ ಮರಿ, ಏಡಿ, ಸಿಗಡಿಯೂ ಸತ್ತಿವೆಯೋ, ಬದುಕಿರುವವು ಮೇಲೆ ಬಂದು ಬಾಯಿ ಆಡಿಸುತ್ತಿವೆಯೇ, ನೀರಿನ ವಾಸನೆ ಮತ್ತು ಬಣ್ಣ. ಬೆಳಗಿನ ಜಾವ, ದೊಡ್ಡವು ಮೊದಲು, ಬಾಯಿ ತೆರೆದು ಸತ್ತಿದ್ದರೆ ಆಮ್ಲಜನಕದ ಕೊರತೆ. ಹೊತ್ತುಗೊತ್ತಿಲ್ಲದೆ ಚಿಕ್ಕದು ದೊಡ್ಡದು, ಏಡಿ ಎಲ್ಲ ಸತ್ತಿದ್ದರೆ ವಿಷ. ಕೊಯ್ದಾಗ ಗಾಳಿಚೀಲ ಒಡೆದು ಒಳಗೆ ರಕ್ತ ತುಂಬಿದ್ದರೆ ತೋಟೆ (ಸಿಡಿಮದ್ದು) ಹಾಕಿದ್ದಾರೆ. ತೋಟೆ ಮತ್ತು ವಿಷ ಎರಡೂ 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ.

ನೀರಿನ ಮಾದರಿಯನ್ನು ಸತ್ತ ಜಾಗದಲ್ಲಿ ಒಂದು, ಅದಕ್ಕಿಂತ ಮೇಲೆ ನೀರು ಚೆನ್ನಾಗಿರುವಲ್ಲಿ ಒಂದು ತೆಗೆಯಿರಿ. 1 ಲೀಟರಿನ ಬಾಟಲಿ, ಗಾಳಿ ಉಳಿಯದಂತೆ ಕುತ್ತಿಗೆ ತನಕ ತುಂಬಿ, ಐಸ್‌ನಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ. ತಡವಾದರೆ ಬಿಒಡಿ ಬಾಟಲಿಯಲ್ಲೇ ಕರಗಿಹೋಗುತ್ತೆ. ಆಮ್ಲಜನಕದ ಮೀಟರ್ ಇದ್ದರೆ ಎತ್ತರ ಹೊಂದಿಸಿ. 25 ಡಿಗ್ರಿ ನೀರಿನಲ್ಲಿ ಸಮುದ್ರಮಟ್ಟಕ್ಕೆ 8.3 ಮಿ.ಗ್ರಾಂ ತುಂಬುವುದಾದರೆ ಕುಶಾಲನಗರದ ಎತ್ತರಕ್ಕೆ ಸುಮಾರು 7.5 ಮಾತ್ರ. ಇದು ತಿಳಿಯದೆ ಮೀಟರನ್ನು 8.3ಕ್ಕೆ ಕೂರಿಸಿದರೆ ಪ್ರತಿ ಓದೂ ಹೆಚ್ಚು ತೋರಿಸಿ, 3ರ ಅಪಾಯದ ಗೆರೆಗಿಂತ ಕೆಳಗಿಳಿದ ನೀರೂ ಪರವಾಗಿಲ್ಲ ಅನ್ನಿಸುತ್ತೆ.

ನಕ್ಷೆಗಾರ

ತೋಟದಕೆರೆಯವರು ಹೇಳಿದ ಕೆರೆ ನಕ್ಷೆಯನ್ನು ತೋಟದವರ ಒಪ್ಪಿಗೆ ಇಲ್ಲದೆ ಹೊರಗೆ ಹಾಕಬೇಡಿ, ಹಾಕಿದರೆ ಎರಡನೇ ಸಲ ಯಾರೂ ಗೇಟು ತೆಗೆಯಲ್ಲ.

ಅದಕ್ಕಿಂತ ಮುಖ್ಯ, ಮಶೀರ್ ಇರುವ ಮಡುಗಳು. ದುಬಾರೆ, ವಾಲ್ನೂರು ಕಡೆಯ ಒಂದು ಮಡುವಿನ ಜಾಗ ಫೋಟೊದೊಂದಿಗೆ ಹೊರಬಿದ್ದರೆ ಬೇಸಿಗೆಯಲ್ಲಿ ಆ ಮಡು ಖಾಲಿ ಮಾಡಲು ಒಂದು ರಾತ್ರಿ ಸಾಕು. ಐನ್ಯಾಚುರಲಿಸ್ಟ್‌ಗೆ (ಕಂಡ ಜೀವಿಗಳ ಫೋಟೊ ಹಂಚಿಕೊಳ್ಳುವ ತಾಣ) ಹಾಕುವಾಗ ಜಾಗವನ್ನು ಮಸುಕು ಮಾಡುವ ಆಯ್ಕೆ ಒತ್ತಿ, ಆಗ 0.2 ಡಿಗ್ರಿ ಚೌಕದೊಳಗೆ, ಅಂದರೆ ಸುಮಾರು 22 ಕಿಲೋಮೀಟರ್ ಅಗಲದಲ್ಲಿ ಎಲ್ಲೋ ಒಂದು ಕಡೆ ಎಂದಷ್ಟೇ ಕಾಣುತ್ತೆ. ಆದರೆ ಹಿಂದೆ ತೂಗುಸೇತುವೆ, ಗುರುತಿನ ಬಂಡೆ ಕಾಣುವ ಫೋಟೊ ಇದ್ದರೆ ಮಸುಕು ಮಾಡಿ ಪ್ರಯೋಜನವಿಲ್ಲ, ಮೀನು ಮಾತ್ರ ಕಾಣುವಂತೆ ಕತ್ತರಿಸಿ. ಕೋಬೊದಲ್ಲಿ ಎಲ್ಲರೂ ನೋಡಬಹುದು ಎಂಬ ಗುರುತು ತೆಗೆದಿರಲಿ. ಖಾತೆಯ ಪಾಸ್‌ವರ್ಡ್ ಗುಂಪಿನ ಇಬ್ಬರ ಬಳಿ ಇರಲಿ. ಸಂಸ್ಥೆಯಿಂದ ಬಂದ ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ ಅವರ ಯೋಜನೆ ಮುಗಿದ ದಿನ ಲೆಕ್ಕವೂ ಅವರ ಜೊತೆ ಹೋಗುತ್ತೆ.

ಕೂಡಿಗೆದಂಡೆ

ಸರ್ಕಾರದ ಕಡೆಯದ್ದು ಚುಟುಕಾಗಿ. 2024ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆಯಲ್ಲಿ ಮೀನುಗಾರರ ನೋಂದಣಿ ಮಾಡಿಸಬಹುದು. ಆದರೆ ಅದು ಗುರುತು ಮತ್ತು ಸೌಲಭ್ಯಕ್ಕಾಗಿ, ನಿಮ್ಮ ಬಲೆಯ ಲೆಕ್ಕಕ್ಕೆ ಅದು ಬದಲಿಯಲ್ಲ. ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, 2002ರ ಕಾಯ್ದೆ ಪ್ರಕಾರ. ಅದರ ಜನತಾ ದಾಖಲಾತಿ ಪುಸ್ತಕಕ್ಕೆ ಮೀನಿನ ಪಟ್ಟಿ ಸೇರಿಸಿಸಿ. ಕಾಡಂಚಿನ ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳಿಗೆ ಅರಣ್ಯ ಹಕ್ಕು ಕಾಯ್ದೆಯ 3(1)(ಡಿ) ಅಡಿ ಮೀನು ಮತ್ತು ಜಲಮೂಲದ ಉತ್ಪನ್ನಗಳ ಮೇಲೆ ಸಮುದಾಯದ ಹಕ್ಕು ಕೇಳಲು ಅವಕಾಶವಿದೆ. ಎಲ್ಲಿ, ಯಾವ ತಿಂಗಳು, ಕೂಳಿಯೋ ಗಾಳವೋ ಎಂದು ವರ್ಷವಿಡೀ ಬರೆದಿಟ್ಟದ್ದು ಆ ಅರ್ಜಿಗೆ ಪುರಾವೆಯಾಗಿ ನಿಲ್ಲುತ್ತೆ. ಇದಕ್ಕಾಗಿಯಾದರೂ ಆ ಲೆಕ್ಕ ಹಾಡಿಯವರ ಕೈಯಲ್ಲೇ ಇರಬೇಕು ಎನ್ನುತ್ತೇನೆ.

ಮತ್ತೆ, ತಿಂಗಳಿಗೊಮ್ಮೆ ಲೆಕ್ಕ ದಂಡೆಗೆ ವಾಪಸ್ ಬರಲಿ. ತೂಕದ ಶೆಡ್ಡಿನ ಗೋಡೆಗೆ ಕರಿಹಲಗೆ ಹಾಕಿ ನಾಲ್ಕೇ ಸಾಲು ಬರೆಯಿರಿ: 100 ಮೀಟರ್ ಬಲೆಗೆ ಈ ತಿಂಗಳು ಎಷ್ಟು, ಹೋದ ವರ್ಷ ಇದೇ ತಿಂಗಳು ಎಷ್ಟು, ಕಾಟ್ಲಾದ ಸರಾಸರಿ ತೂಕ, ಹೊಳೆ ಮೀನಿನ ಪಾಲು. ಯಾರ ಹೆಸರೂ ಬೇಡ. ಯಾರಿಗೆ ಎಷ್ಟು ಸಿಕ್ಕಿತು ಎಂದು ಹಾಕಿದರೆ ಮರುದಿನದಿಂದ ಸುಳ್ಳು ಲೆಕ್ಕ ಬರುತ್ತೆ.

ಹಿನ್ನೀರು

ಎಲ್ಲರಿಗೂ ಧನ್ಯವಾದ. ಹಾಗಾದರೆ ದಂಡೆಯಲ್ಲಿ ಒಬ್ಬರು, ವಾರಕ್ಕೆ ಎರಡು ದಿನ, ಚೀಟಿ ಎತ್ತಿ ಆರು ಹರಿಗೋಲು, ನಂಬರಿನ ಚಿತ್ರಹಾಳೆ, ಪೈಪಿನ ಹಲಗೆ. ಕೊನೆಯದೊಂದು: ಬಲೆಯ ಕಣ್ಣಿನ ಅಳತೆ ಫಾರ್ಮ್‌ನಲ್ಲಿ ಕೇಳಿದರೆ ಒಬ್ಬರು 4 ಇಂಚು, ಅದೇ ಬಲೆಗೆ ಇನ್ನೊಬ್ಬರು 2 ಇಂಚು ಎನ್ನುತ್ತಾರೆ.

ಅಳತೆಪಟ್ಟಿ

ಇಬ್ಬರೂ ಸರಿಯೇ. ಒಬ್ಬರು ಕಣ್ಣನ್ನು ಎಳೆದು ಎದುರುಬದುರು ಗಂಟಿನ ನಡುವೆ ಅಳೆದಿದ್ದಾರೆ, ಇನ್ನೊಬ್ಬರು ಒಂದೇ ಬದಿಯ ಪಕ್ಕದ ಗಂಟಿಗೆ. ಎಳೆದ ಅಳತೆಯನ್ನೇ ಇಟ್ಟುಕೊಳ್ಳಿ. ಒದ್ದೆ ಬಲೆಯಲ್ಲಿ, ಅಂಚಿನಿಂದ ಒಳಗೆ ಹತ್ತು ಕಣ್ಣನ್ನು ಒಟ್ಟಿಗೆ ಬಿಗಿಯಾಗಿ ಎಳೆದು ಅಳೆದು ಹತ್ತರಿಂದ ಭಾಗಿಸಿ, ಮಿಲಿಮೀಟರಿನಲ್ಲಿ ಬರೆಯಿರಿ. ಪ್ರತಿ ತುಂಡು ಬಲೆಗೂ ಒಮ್ಮೆ ಅಳೆದು, ತೇಲುಬೆಂಡಿನ ಮೇಲೆ ಅಳಿಸದ ಶಾಯಿಯಲ್ಲಿ ಬರೆದಿಟ್ಟರೆ ದಿನವೂ ಕೇಳುವ ಕೆಲಸ ಇರಲ್ಲ.